ಅಪ್‌ಡೇಟ್: ರಾತ್ರಿ ಸೈಲೆನ್ಸರ್ ಬದಲಿಸಿದ ಬೈಕ್‌ಗಳ ಕಾಟ

ನಮ್ಮ ಬೀದಿಯಲ್ಲಿ ರಾತ್ರಿ ಹತ್ತರ ಮೇಲೆ ಸೈಲೆನ್ಸರ್ ಬದಲಿಸಿದ ಬೈಕ್‌ಗಳ ಕಾಟ, ಏನು ಮಾಡೋದು ಅಂತ ಕೇಳಿದ್ದೆನಲ್ಲ, ಈಗ ನಿಂತಿದೆ.

ಫೋನ್ ಮಾಡಿ ಪೊಲೀಸರನ್ನು ಕರೆಸುವ ಸಲಹೆ ನಮಗೆ ಆಗಿಬರಲಿಲ್ಲ. ಜೀಪ್ ಬರುವಷ್ಟರಲ್ಲಿ ಹುಡುಗರು ಜಾಗ ಖಾಲಿ ಮಾಡಿರುತ್ತಿದ್ದರು. ನಾವೇ ಹಂಪ್ ಹಾಕಿಸುವುದನ್ನೂ ಬಿಟ್ಟೆವು, ಅನುಮತಿ ಇಲ್ಲದೆ ಹಾಕುವಂತಿಲ್ಲ, ಆಂಬುಲೆನ್ಸ್‌ಗೂ ತೊಂದರೆ ಅಲ್ವಾ.

ಕೆಲಸ ಆಗಿದ್ದು ನಂಬರ್ ಪ್ಲೇಟ್ ಕಾಣುವ ವಿಡಿಯೋ ಇಟ್ಟುಕೊಂಡು, ದಿನ, ಸಮಯ, ಜಾಗ ಬರೆದು, ಅಕ್ಕಪಕ್ಕದವರ ಸಹಿ ಹಾಕಿಸಿ ಸಂಚಾರ ಠಾಣೆಗೆ ದೂರು ಕೊಟ್ಟಾಗ. ಈ ದಾರಿ ಹೇಳಿದವರಿಗೆ ಮನಸಾರೆ ಥ್ಯಾಂಕ್ಸ್. ಮಾಲೀಕರನ್ನು ಕರೆಸಿ ದಂಡ ಹಾಕಿದರು, ಸೈಲೆನ್ಸರ್ ಬಿಚ್ಚಿಸಿದರು.

ನನಗೆ ಗೊತ್ತೇ ಇರದಿದ್ದ ವಿಷಯ: ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಇಂಥ ಶಬ್ದಕ್ಕೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ 3 ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಓಡಿಸಿದವರಿಗೆ 18 ತುಂಬಿರದಿದ್ದರೆ ಪೋಷಕರು ಅಥವಾ ಮಾಲೀಕರಿಗೆ 25,000 ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಮಕ್ಕಳ ಕೈಗೆ ಸುಮ್ನೆ ಕೀ ಕೊಡುವ ಅಪ್ಪ ಅಮ್ಮಂದಿರಿಗೆ ದಯವಿಟ್ಟು ಇದನ್ನು ತೋರಿಸಿ.