ಬೆಳೆಯುವ ಹಳ್ಳಿಯಲ್ಲೇ ಊಟಕ್ಕೆ ಕೊರತೆ ಹೇಗೆ? ಕೊರೊನಾ ಕಾಲದ ಬಗ್ಗೆ ಪ್ರಶ್ನೆ

ಹೊಸಬ:
ಎಲ್ಲರಿಗೂ ನಮಸ್ಕಾರ. ಕೊರೊನಾ ಕಾಲದಲ್ಲಿ ಹಳ್ಳಿ ಮನೆಗಳು ಊಟದ ಕೊರತೆಯನ್ನು ಹೇಗೆ ನಿಭಾಯಿಸಿದವು ಅಂತ ಕಾಲೇಜಿಗೆ ವರದಿ ಬರೆಯಬೇಕು. ಮೊದಲನೇ ಅನುಮಾನವೇ ಬಗೆಹರಿಯುತ್ತಿಲ್ಲ. ಬೆಳೆಯುವವರೇ ಅವರು, ಪೇಟೆಯವರಿಗಲ್ವಾ ಜಾಸ್ತಿ ಕಷ್ಟ ಆಗಬೇಕು? ಇನ್ನೊಂದು, ಕೊರತೆ ಶುರುವಾದಾಗ ಮನೆಯವರು ಮೊದಲು ಏನು ಮಾಡುತ್ತಾರೆ, ಆಮೇಲೆ ಏನು? ಪರಿಸ್ಥಿತಿ ಕೈಮೀರಿದೆ ಅಂತ ಹೊರಗಿನವರಿಗೆ ಗೊತ್ತಾಗುವುದು ಹೇಗೆ?

ಕೂಲಿ ಲೆಕ್ಕ:
ತುಂಡು ಜಮೀನಿನವರು ಬೆಳೆದದ್ದು ಎಷ್ಟೋ ಕಡೆ ವರ್ಷಪೂರ್ತಿ ಸಾಲುವುದಿಲ್ಲ. ಅವರು ಮಾರುವುದಕ್ಕಿಂತ ಕೊಳ್ಳುವುದೇ ಜಾಸ್ತಿ. ಜಮೀನೇ ಇಲ್ಲದವರ ಮಾತು ಬಿಡಿ. ಕೊಳ್ಳಲು ದುಡ್ಡು ಬೇಕು, ಆ ದುಡ್ಡು ಬರುವುದು ಕೂಲಿಯಿಂದ, ಇಲ್ಲವೇ ಊರು ಬಿಟ್ಟು ದುಡಿಯಲು ಹೋದ ಮಗನೋ ಮಗಳೋ ಕಳಿಸುವುದರಿಂದ. 2020ರ ಮಾರ್ಚ್ ಹೊತ್ತಿಗೆ ಒಂದರ ಹಿಂದೆ ಒಂದು ದೇಶ ಬಾಗಿಲು ಹಾಕಿದಾಗ ಈ ಎರಡೂ ಒಟ್ಟಿಗೆ ನಿಂತವು. ದುಡಿಯಲು ಹೋದವನು ವಾಪಸ್ ಬಂದ, ಅಂದರೆ ಬರುವ ದುಡ್ಡು ಹೋಯಿತು, ಉಣ್ಣುವ ತಟ್ಟೆ ಒಂದು ಜಾಸ್ತಿ ಆಯಿತು. ಶಾಲೆ ಮುಚ್ಚಿದ್ದರಿಂದ ಮಕ್ಕಳ ಒಂದು ಹೊತ್ತಿನ ಊಟವೂ ಮನೆಯ ತಲೆ ಮೇಲೆ ಬಿತ್ತು. ಹಾಗೆ ಶಾಲೆಯ ಊಟ ತಪ್ಪಿದ ಮಕ್ಕಳು ಪ್ರಪಂಚದಲ್ಲಿ ಸುಮಾರು 37 ಕೋಟಿ. ಅತ್ತ ತರಕಾರಿ ಬೆಳೆದವನಿಗೆ ಸಂತೆ ಇಲ್ಲ, ಲಾರಿ ಇಲ್ಲ, ಬೆಳೆ ಹೊಲದಲ್ಲೇ ಕೊಳೆಯಿತು. ಊಟ ಇದ್ದೂ ಅದನ್ನು ಪಡೆಯುವ ತಾಕತ್ತು ಇಲ್ಲದೆ ಜನ ಹಸಿಯುತ್ತಾರೆ ಅಂತ ಅಮರ್ತ್ಯ ಸೇನ್ 1981ರಲ್ಲೇ ಬರೆದಿದ್ದಾರಲ್ಲ, ಅದೇ ಇದು.

ಸರ್ವೆ ಅಕ್ಕ:
ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಕೊರತೆಯನ್ನು ಮನೆಯವರು ಹೇಗೆ ನಿಭಾಯಿಸುತ್ತಾರೆ ಅಂತ ಅಳೆಯಲು ಕೋಪಿಂಗ್ ಸ್ಟ್ರಾಟಜೀಸ್ ಇಂಡೆಕ್ಸ್ ಅಂತ ಒಂದು ಸೂಚ್ಯಂಕ ಇದೆ, ಅದರ ಚಿಕ್ಕ ರೂಪದಲ್ಲಿ ಐದೇ ಪ್ರಶ್ನೆ. ಹಿಂದಿನ 7 ದಿನಗಳಲ್ಲಿ ಎಷ್ಟು ದಿನ ಅಗ್ಗದ್ದು, ಇಷ್ಟವಿಲ್ಲದ್ದು ತಿಂದಿರಿ, ಎಷ್ಟು ದಿನ ಊಟದ ಸಾಮಾನು ಕಡ ತಂದಿರಿ, ಎಷ್ಟು ದಿನ ಬಡಿಸುವ ಅಳತೆ ಕಮ್ಮಿ ಮಾಡಿದಿರಿ, ಎಷ್ಟು ದಿನ ಒಂದು ಹೊತ್ತು ಬಿಟ್ಟಿರಿ, ಎಷ್ಟು ದಿನ ಮಕ್ಕಳಿಗೆ ಉಳಿಯಲಿ ಅಂತ ದೊಡ್ಡವರು ಕಮ್ಮಿ ಉಂಡಿರಿ. ಕಡ ತರುವುದಕ್ಕೆ 2 ಅಂಕ, ಕೊನೆಯದಕ್ಕೆ 3, ಮಿಕ್ಕಿದ್ದಕ್ಕೆಲ್ಲ ಒಂದೊಂದು. ದಿನಗಳಿಂದ ಗುಣಿಸಿ ಕೂಡಿದರೆ ಆಯಿತು, ಅಂಕ ಜಾಸ್ತಿ ಆದಷ್ಟೂ ಕಷ್ಟ ಜಾಸ್ತಿ.

ಆದರೆ ಪ್ರಶ್ನೆ ಯಾರಿಗೆ ಕೇಳುತ್ತೀರಿ ನೋಡಿಕೊಳ್ಳಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸು ಪಾತ್ರೆಯ ತಳ ಕೆರೆದು, ಒಂದು ಲೋಟ ನೀರು ಕುಡಿದು, "ನಂದು ಆಗಲೇ ಆಯ್ತು" ಅಂದಿರುತ್ತಾಳೆ. ಗಂಡ ನಮ್ಮ ಮುಂದೆ "ಏನೂ ತೊಂದರೆ ಇಲ್ಲ, ಎಲ್ಲರೂ ಉಣ್ತೀವಿ" ಅನ್ನುತ್ತಾನೆ, ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಗೊತ್ತೇ ಇಲ್ಲ.

ಸುಮ್ನೆ ಓದುಗ:
ಅಕ್ಕ ಹೇಳಿದ್ದು ಸರಿ, ಆದರೆ ಬರೀ ಆ ಅಂಕ ನಂಬಿಕೊಂಡರೆ ಮಹಾಮಾರಿ ಕಾಲದಲ್ಲಿ ಕೆಡುತ್ತೀರಿ. ಬೆಳೆ ಕೈಕೊಟ್ಟಾಗ ಪಕ್ಕದ ಮನೆಯಿಂದಲೋ ದೂರದ ನೆಂಟರಿಂದಲೋ ಕಡ ಸಿಗಬಹುದು. ಇಲ್ಲಿ ಎಲ್ಲರಿಗೂ ಒಂದೇ ಸಲ ಪೆಟ್ಟು. ಕೇಳಿದರೂ ಕೊಡುವವರಿಲ್ಲ, ಸೋಂಕಿನ ಭಯಕ್ಕೆ ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗೂ ಇಲ್ಲ. ಆಗ ಕಡದ ಅಂಕ ಸೊನ್ನೆ ಬರುತ್ತದೆ, ಕಾಗದದ ಮೇಲೆ ಆ ಮನೆ ಚೆನ್ನಾಗಿದೆ ಅನ್ನಿಸುತ್ತದೆ!

ಇನ್ನು ಕೈಮೀರಿದ್ದು ಗೊತ್ತಾಗುವುದು ಹೇಗೆ ಅಂದಿರಲ್ಲ, ಅದು ಆ ಐದು ಪ್ರಶ್ನೆಯಲ್ಲಿ ಕಾಣುವುದಿಲ್ಲ. ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡದ್ದು ಮುಂದಿನ ಸುಗ್ಗಿಗೆ ಸರಿಹೋಗಬಹುದು (ಸಣ್ಣ ಮಕ್ಕಳ ವಿಷಯದಲ್ಲಿ ಅದೂ ಹಾಗಲ್ಲ, ಎರಡು ವರ್ಷದೊಳಗೆ ಕುಂಠಿತವಾದ ಬೆಳವಣಿಗೆ ಸರಿಹೋಗುವುದು ಬಹಳ ಕಷ್ಟ). ಕೂಡಿಟ್ಟ ದುಡ್ಡು ಖರ್ಚಾದರೆ ಮತ್ತೆ ಕೂಡಿಸಬಹುದು. ಆದರೆ ಬಿತ್ತನೆಗೆ ಇಟ್ಟ ಬೀಜ ತಿಂದರೆ ಮುಂದಿನ ಬೆಳೆಯೂ ಹೋಯಿತು. ಮನೆಯಲ್ಲಿ ಉಳಿದ ಒಂದೇ ಹೆಣ್ಣು ಜಾನುವಾರು ಮಾರಿದರೆ ಮಂದೆ ಮತ್ತೆ ಬೆಳೆಯುವ ದಾರಿಯೇ ಮುಚ್ಚಿತು. ಅದೂ ಎಲ್ಲರೂ ಒಟ್ಟಿಗೆ ಮಾರಲು ಹೊರಟಾಗ ಬೆಲೆ ಬೀಳುತ್ತದೆ, ಸಿಕ್ಕಿದ್ದಕ್ಕೆ ಕೊಟ್ಟು ಬರಬೇಕು. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದವರು ಇಂಥದ್ದಕ್ಕೇ ಬೇರೆ ಪಟ್ಟಿ ಇಟ್ಟಿದ್ದಾರೆ, ಹಿಂದಿನ 30 ದಿನದ್ದು. ಸಾಲ ಮಾಡಿದರೆ ಒತ್ತಡ, ಬೀಜ ತಿಂದರೆ ಬಿಕ್ಕಟ್ಟು, ಜಮೀನು ಮಾರಿದರೆ ತುರ್ತು ಅಂತ ಮೂರು ಹಂತ. "ಮಾರಿಲ್ಲ, ಯಾಕಂದ್ರೆ ಮೊದಲೇ ಮಾರಿ ಆಗಿದೆ" ಅನ್ನುವ ಉತ್ತರಕ್ಕೂ ಅದರಲ್ಲಿ ಜಾಗ ಇದೆ. ಅದನ್ನು ಬರೀ "ಇಲ್ಲ" ಅಂತ ಬರೆದುಕೊಂಡರೆ ಎಲ್ಲ ತಲೆಕೆಳಗು.

ಹೊಸಬ:
ಇದು ಯಾರೂ ಹೇಳಿರಲಿಲ್ಲ, ಥ್ಯಾಂಕ್ಸ್. ನಮಗೆ ಕೊಟ್ಟಿರುವುದು ಫೋನಿನಲ್ಲಿ ಮಾಡಿದ ಸರ್ವೆಯ ಮಾಹಿತಿ. ಅದರಲ್ಲಿ ಉತ್ತರ ಕೊಟ್ಟವರಲ್ಲಿ ಗಂಡಸರೇ ಜಾಸ್ತಿ. ಏನು ಮಾಡಲಿ?

ಸರ್ವೆ ಅಕ್ಕ:
ಆಗ ಎಲ್ಲ ಕಡೆ ಅದೇ ಕಥೆ, ಮನೆಗೆ ಹೋಗುವ ಹಾಗಿರಲಿಲ್ಲವಲ್ಲ. ಫೋನೇ ಇಲ್ಲದ ಮನೆ, ಚಾರ್ಜಿಗೆ ಕರೆಂಟಿಲ್ಲದ ಮನೆ ಆ ಲೆಕ್ಕದಲ್ಲಿ ಬಂದಿಲ್ಲ ಅಂತ ವರದಿಯ ಮೊದಲ ಪುಟದಲ್ಲೇ ಬರೆಯಿರಿ. ಗಂಡಸರ ಉತ್ತರ, ಹೆಂಗಸರ ಉತ್ತರ ಬೇರೆ ಬೇರೆ ಪಟ್ಟಿ ಮಾಡಿ, "ದೊಡ್ಡವರು ಕಮ್ಮಿ ಉಂಡರು" ಅನ್ನುವ ಸಾಲು ಎರಡರಲ್ಲೂ ಎಷ್ಟು ಬಂದಿದೆ ನೋಡಿ. ಬೀಜ, ಜಾನುವಾರಿನ ಪ್ರಶ್ನೆ ಇದ್ದರೆ ಅದನ್ನು ಅಂಕದ ಜೊತೆ ಕಲಸಬೇಡಿ, ಪ್ರತ್ಯೇಕ ಇಡಿ.