ದೊಡ್ಡಪ್ಪ ಕಳಿಸಿದ ಸಿಹಿಸುದ್ದಿ

ವಡೇರಹಳ್ಳಿ ಬಳಗ (ವಾಟ್ಸಾಪ್ ಗುಂಪು)
1 ಜೂನ್ 2025, ಭಾನುವಾರ

ದೊಡ್ಡಪ್ಪ: (ಫಾರ್ವರ್ಡ್) ಅಪ್ರೆಂಟಿಸ್‌ಗಳಿಗೆ ಬಂಪರ್! ಸ್ಟೈಪೆಂಡ್ 36% ಏರಿಕೆ. ಇನ್ಮುಂದೆ ತಿಂಗಳಿಗೆ 6,800ರಿಂದ 12,300 ರೂ. ಎಲ್ಲ ಯುವಕರಿಗೂ ತಲುಪಿಸಿ 🙏🙏

ದೊಡ್ಡಪ್ಪ: ಪ್ರಜ್ವಲ, ಪಾರ್ಟಿ ಯಾವಾಗ?

ನಾನು: ಅದು ನಂಗೆ ಬರಲ್ಲ ದೊಡ್ಡಪ್ಪ.

ಚಿಕ್ಕಮ್ಮ: ಭಾವ, ಅದು ಇನ್ನೂ ಯಾರಿಗೂ ಬಂದಿಲ್ಲ. ಹೋದ ವಾರ ಕೇಂದ್ರದ ಅಪ್ರೆಂಟಿಸ್‌ಶಿಪ್ ಕೌನ್ಸಿಲ್ ಮಾಡಿರೋ ಶಿಫಾರಸು, ಅಷ್ಟೇ. ಈಗ ನಡೀತಿರೋದು 2019ರ ರೇಟು, 5,000ದಿಂದ 9,000. ಐಟಿಐ ಹುಡುಗರಿಗೆ 7,000.

ನಾನು: ನಂಗೆ 11,500 ಬರುತ್ತೆ.

ದೊಡ್ಡಪ್ಪ: ಮತ್ತೇನು ನಿನ್ ಗೋಳು! ಸರ್ಕಾರ ಹೇಳಿದ್ದಕ್ಕಿಂತ ಜಾಸ್ತಿನೇ ಕೊಡ್ತಿದಾರೆ. ನಾನು 1978ರಲ್ಲಿ ಎಚ್‌ಎಂಟಿಗೆ ಅಪ್ರೆಂಟಿಸ್ ಆಗಿ ಸೇರಿದಾಗ ಬರ್ತಿದ್ದ ದುಡ್ಡು ಮೆಸ್ಸಿಗೂ ಬಸ್ಸಿಗೂ ಸರಿಹೋಗ್ತಿತ್ತು. ವೈಸಿಗೆ ಕಬ್ಬಿಣದ ತುಂಡು ಕಚ್ಚಿಸಿ ತಿಂಗಳುಗಟ್ಟಲೆ ಬರೀ ಫೈಲಿಂಗ್. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡೋರು, ಸಂದಿ ಕಂಡ್ರೆ ವಾಪಸ್. ಎಷ್ಟು ಜಾಬ್ ಸ್ಕ್ರ್ಯಾಪ್ ಮಾಡಿದೀನೋ ಲೆಕ್ಕ ಇಲ್ಲ. ಕಲಿಸೋದಕ್ಕೂ ಖರ್ಚಿದೆ ಕಣೋ, ಅದನ್ನ ಸಂಬಳದಲ್ಲೇ ಮುರ್ಕೊಳ್ತಾರೆ.

ನಾನು: ನಂಗೆ ಕಲಿಸಿದ್ದು ಒಂದು ವಾರ. ಆಮೇಲಿಂದ ಸಿಎನ್‌ಸಿ (ಕಂಪ್ಯೂಟರಲ್ಲಿ ನಡೆಯೋ ಮೆಷಿನ್) ಮೇಲೆ ಒಬ್ನೇ, 14 ತಿಂಗಳಾಯ್ತು, ಮೂರೂ ಶಿಫ್ಟು. ಪಕ್ಕದ ಮೆಷಿನ್ ಅಣ್ಣ ಪರ್ಮನೆಂಟು. 27 ಸಾವಿರ, ಪಿಎಫ್ಫು, ಬೋನಸ್ಸು. ಟಾರ್ಗೆಟ್ ಮಾತ್ರ ಇಬ್ರಿಗೂ ಒಂದೇ.

ದೊಡ್ಡಪ್ಪ: ಅವನದು ಎಷ್ಟು ವರ್ಷದ ಸರ್ವಿಸ್ಸೋ. ತಾಳಿದವನು ಬಾಳಿಯಾನು.

ನಾನು: ನಿಮ್ಮನ್ನ ಟ್ರೈನಿಂಗ್ ಮುಗಿದ್ಮೇಲೆ ಒಳಗೆ ತಗೊಂಡ್ರು. ನಮ್ಮಲ್ಲಿ ಹಿಂದಿನ ಬ್ಯಾಚಲ್ಲಿ ಇಬ್ರನ್ನ ಇಟ್ಕೊಂಡು ಮಿಕ್ಕೋರ್ನೆಲ್ಲ ಕಳಿಸಿದ್ರು. ಅವರು ಗೇಟ್ ದಾಟ್ತಿದ್ರೆ ಹೊಸ ಬ್ಯಾಚು ಬಸ್ಸಿಂದ ಇಳೀತಿತ್ತು.

ಗೀತತ್ತೆ: ಶುಭ ಭಾನುವಾರ 🌹

ಚಿಕ್ಕಮ್ಮ: ಪ್ರಜ್ವಲ್, ನಿನ್ನದು ಅಪ್ರೆಂಟಿಸ್ ಪೋರ್ಟಲಲ್ಲಿ ನೋಂದಣಿ ಆಗಿದ್ಯಾ? ಕಾಂಟ್ರಾಕ್ಟ್ ನಂಬರ್ ಅಂತ ಒಂದಿರುತ್ತೆ.

ನಾನು: ಅಂಥದ್ದೇನೂ ಇಲ್ಲ. ಲೆಟರಲ್ಲಿ "ಟ್ರೈನಿ" ಅಂತಿದೆ. ಒಂದು ವರ್ಷ ಅಂದಿದ್ರು, ಮುಗಿದ್ಮೇಲೆ ಇನ್ನೊಂದು ವರ್ಷ ಎಳೆದ್ರು.

ಚಿಕ್ಕಮ್ಮ: ಹಾಗಾದ್ರೆ ಕೇಳು, ನಮ್ಮ ಪಿಎಫ್ ಕನ್ಸಲ್ಟೆಂಟ್ ಆಫೀಸಲ್ಲಿ ದಿನಾ ಇದೇ ಪಂಚಾಯ್ತಿ. 1961ರ ಅಪ್ರೆಂಟಿಸ್ ಕಾಯ್ದೆ ಕೆಳಗೆ ಸೇರಿದವನು ಕಾರ್ಮಿಕನೇ ಅಲ್ಲ ಅಂತ 18ನೇ ಸೆಕ್ಷನ್ ಹೇಳುತ್ತೆ. ಪಿಎಫ್ ಇಲ್ಲ, ಇಎಸ್‌ಐ ಅಂದ್ರೆ ನೌಕರರ ವಿಮೆ, ಅದೂ ಇಲ್ಲ, ಗ್ರ್ಯಾಚುಟಿಗೂ ಆ ವರ್ಷಗಳು ಲೆಕ್ಕಕ್ಕಿಲ್ಲ. ಆದ್ರೆ ಅವನಿಗೆ ಪರೀಕ್ಷೆ ಇದೆ, ಸರ್ಟಿಫಿಕೇಟ್ ಇದೆ, ಪರ್ಮಿಷನ್ ಇಲ್ದೆ ಓಟಿ ಮಾಡಿಸೋ ಹಾಗಿಲ್ಲ, ಏಟಾದ್ರೆ ಪರಿಹಾರ ಕೊಡ್ಬೇಕು. ನೀನು ಆ ಕಾಯ್ದೆಗೆ ಸೇರಿಲ್ಲ ಅಂದ್ಮೇಲೆ ಇಎಸ್‌ಐ ತಪ್ಪಿಸೋಕಾಗಲ್ಲ. 21,000ದ ಒಳಗಿನ ಸಂಬಳ. ನಿನ್ನ ಪಾಲು 0.75%, ತಿಂಗಳಿಗೆ ಎಂಬತ್ತು ಚಿಲ್ಲರೆ. ಸ್ಲಿಪ್ಪಲ್ಲಿ ಹಿಡಿದಿದಾರಾ?

ನಾನು: ಸ್ಲಿಪ್ಪೇ ಕೊಡಲ್ಲ ಚಿಕ್ಕಮ್ಮ. ಹೋದ ತಿಂಗಳು ಪ್ರೆಸ್ ಶಾಪಲ್ಲಿ ಒಬ್ಬ ಟ್ರೈನಿ ಬೆರಳು ಜಜ್ಕೊಂಡ. ಎದುರಿನ ಕ್ಲಿನಿಕ್ಕಲ್ಲಿ ಹೊಲಿಗೆ ಹಾಕ್ಸಿದ್ರು, ಬರದ ಮೂರು ದಿನದ ದುಡ್ಡು ಕತ್ತರಿಸಿದ್ರು.

ಅಮ್ಮ: ಯಾರ್ದೋ ಬೆರಳು? ನಿಂದಲ್ಲ ತಾನೇ?

ನಾನು: ನಂದಲ್ಲಮ್ಮ.

ಅಮ್ಮ: ಎರಡೂ ಕೈ ಫೋಟೊ ಹಾಕು

ನಾನು: 📷 ಫೋಟೊ

ರಶ್ಮಿ ಅಕ್ಕ: ಇಲ್ಲಿ ಸ್ಟುಟ್‌ಗಾರ್ಟಲ್ಲಿ ಟ್ರೈನಿಂಗ್ ಹುಡುಗರಿಗೆ ಮೊದಲ ವರ್ಷವೇ ಕನಿಷ್ಠ 682 ಯೂರೊ. ಪಿಂಚಣಿ, ಆರೋಗ್ಯ ವಿಮೆ ಎಲ್ಲ ಸೇರಿದ ದಿನದಿಂದಲೇ.

ದೊಡ್ಡಪ್ಪ: ರೂಮ್ ಬಾಡಿಗೆ ಎಷ್ಟಮ್ಮ ಅಲ್ಲಿ?

ರಶ್ಮಿ ಅಕ್ಕ: ಅದನ್ನ ಕೇಳ್ಬೇಡಿ 😅

ದೊಡ್ಡಪ್ಪ: ಸರಿ, ಪಿಎಫ್ ಆದ್ರೂ ಕೇಳ್ಬಹುದಲ್ಲ ಮಂಜುಳಾ?

ಚಿಕ್ಕಮ್ಮ: ತೊಡಕು ಅಲ್ಲೇ ಇರೋದು ಭಾವ. ಸ್ಟ್ಯಾಂಡಿಂಗ್ ಆರ್ಡರ್, ಅಂದ್ರೆ ಕಂಪನಿಯ ಸೇವಾ ನಿಯಮದ ಪ್ರಕಾರ ತಗೊಂಡ ಟ್ರೈನಿಗೆ ಪಿಎಫ್ ಕಟ್ಟಬೇಕಿಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ನಮ್ಮ ಮಂಗಳೂರಿನ ಕ್ಯಾಂಪ್ಕೋ ಕೇಸೇ ಅದು. ಪಿಎಫ್ ಆಫೀಸು ಸೋತಿತು. ಹೆಸರಿಗೆ ಟ್ರೈನಿ, ಮಾಡ್ಸೋದೆಲ್ಲ ಪ್ರೊಡಕ್ಷನ್ ಅಂತ ವಾದ ಮಾಡ್ಬಹುದು, ಅದಕ್ಕೆ ದಾಖಲೆ ಬೇಕು.

ದೊಡ್ಡಪ್ಪ: ಹೋಗ್ಲಿ, ಕೆಲ್ಸ ಕಲ್ತಿದಾನಲ್ಲ. ರೈಲ್ವೆಲಿ ಅಪ್ರೆಂಟಿಸ್ ಮುಗಿಸಿದೋರಿಗೆ ಲೆವೆಲ್-1, ಅಂದ್ರೆ ಕೆಳಗಿನ ಹಂತದ ಹುದ್ದೆಲಿ ಶೇ 20 ಮೀಸಲು ಅಂತೆ. ಮೈಸೂರು ವರ್ಕ್‌ಶಾಪಲ್ಲಿ ಪ್ರತಿ ಸಲ ಕರೀತಾರೆ.

ನಾನು: ಅದು ರೈಲ್ವೆ ಒಳಗೇ ಅಪ್ರೆಂಟಿಸ್ ಮಾಡಿ, ಪರೀಕ್ಷೆ ಪಾಸಾಗಿ, ಎನ್‌ಎಸಿ ಅಂತ ರಾಷ್ಟ್ರೀಯ ಅಪ್ರೆಂಟಿಸ್ ಸರ್ಟಿಫಿಕೇಟ್ ಇರೋರಿಗೆ. ನಂಗೆ ಯಾವ ಪರೀಕ್ಷೆ? ಮೊನ್ನೆ ಪೀಣ್ಯದಲ್ಲಿ ಇಂಟರ್‌ವ್ಯೂಗೆ ಹೋಗಿದ್ದೆ. ಮೆಷಿನ್ ಕೊಟ್ಟು ಪ್ರೋಗ್ರಾಮ್ ಹಾಕಿಸಿ ನೋಡಿದ್ರು, ಸರಿ ಬಂತು. ಆಮೇಲೆ "ಟ್ರೈನಿ ಪೀರಿಯಡ್ ಎಕ್ಸ್‌ಪೀರಿಯನ್ಸಿಗೆ ಸೇರಲ್ಲ, ಫ್ರೆಷರ್ ಸಂಬಳಕ್ಕೆ ಬಾ" ಅಂದ್ರು. ಅಲ್ಲೂ ಟ್ರೈನಿನೇ.

(ಹತ್ತು ನಿಮಿಷ ಯಾರೂ ಏನೂ ಹಾಕಲಿಲ್ಲ. ದೊಡ್ಡಪ್ಪ ಟೈಪ್ ಮಾಡ್ತಿದ್ದಾರೆ ಅಂತ ಬರ್ತಿತ್ತು, ಹೋಗ್ತಿತ್ತು.)

ದೊಡ್ಡಪ್ಪ: ಲೆಟರ್ ಫೋಟೊ ನಂಗೆ ಕಳಿಸು. ಗ್ರೂಪಿಗೆ ಬೇಡ.

ಅಮ್ಮ: ಭಾವ, ಇವನ ಕೆಲ್ಸ ಹೋಗೋ ಹಾಗೆ ಏನೂ ಮಾಡ್ಬೇಡಿ. ಬೈಕಿನ ಕಂತು ಬೇರೆ ಇದೆ.

ದೊಡ್ಡಪ್ಪ: ಜಗಳ ಅಲ್ಲ ಕಣಮ್ಮ. ಇಎಸ್‌ಐ ನಂಬರ್ ಕೊಡಿ ಅಂತ ಕೇಳೋದು. ಅಷ್ಟು ಕೇಳಿದ್ರೆ ತೆಗೀತಾರಾ?

ನಾನು: ತೆಗೀಬಹುದು.

ಚಿಕ್ಕಮ್ಮ: ನೀನೊಬ್ನೇ ಕೇಳ್ಬೇಡ. ಬ್ಯಾಚೆಲ್ಲ ಸೇರಿ ಬರ್ದು ಕೊಡಿ. ಬ್ಯಾಂಕ್ ಪಾಸ್‌ಬುಕ್, ಶಿಫ್ಟ್ ಚಾರ್ಟ್ ಫೋಟೊ ಇಟ್ಕೊ.

ನಾನು: ನಾಳೆ ಫಸ್ಟ್ ಶಿಫ್ಟು, ಮಲಗ್ತೀನಿ. ಅಮ್ಮ, ಲೆಟರ್ ಬೀರು ಮೇಲಿನ ಖಾನೇಲಿ ಹಳದಿ ಕವರಲ್ಲಿದೆ, ದೊಡ್ಡಪ್ಪಂಗೆ ಕಳಿಸು.

ಅಮ್ಮ: ಸಿಕ್ತು. ಎರಡನೇ ಹಾಳೆ ಎಲ್ಲೋ?

ನಾನು: ಕೊಟ್ಟಿದ್ದೇ ಒಂದು ಹಾಳೆ.