ಮತ್ಸುಶಿಮಾ ಕೊಲ್ಲಿಯ ನೌಕಾವಿಹಾರ: ಹೋಗಿ ಬಂದವರ ಅನುಭವಗಳು

ಕೋರಿಕೆ: ನವೆಂಬರ್ ತಿಂಗಳಲ್ಲಿ ತಾಯಿಯವರೊಡನೆ ಜಪಾನಿನ ಸೆಂಡೈ ನಗರದಲ್ಲಿ ಎರಡು ದಿನ ತಂಗಲಿದ್ದೇನೆ. ಮತ್ಸುಶಿಮಾದ ದ್ವೀಪಗಳ ನಡುವೆ ಹಡಗಿನಲ್ಲಿ ಸುತ್ತಾಡುವ ಆಸೆಯಿದೆ. ಆದರೆ ತಾಯಿಯವರಿಗೆ ಬಸ್ಸಿನಲ್ಲಿಯೇ ತಲೆ ಸುತ್ತುತ್ತದೆ. ಎಲ್ಲಿ ಹತ್ತಬೇಕು, ಎಲ್ಲಿ ಕುಳಿತುಕೊಳ್ಳಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಾವು ದಂಪತಿಗಳು ಬಂದರು ಊರಾದ ಶಿಯೊಗಾಮಾದಲ್ಲಿ ಹತ್ತಿ ಮತ್ಸುಶಿಮಾದಲ್ಲಿ ಇಳಿದೆವು, ಮತ್ತೊಮ್ಮೆ ಹೋದರೂ ಹಾಗೆಯೇ ಮಾಡುತ್ತೇವೆ. 1689ರಲ್ಲಿ ಕವಿ ಬಾಶೊ ದೋಣಿಯಲ್ಲಿ ಬಂದದ್ದೂ ಇದೇ ದಿಕ್ಕಿನಲ್ಲಿ. ಸುಮಾರು 50 ನಿಮಿಷಗಳ ಈ ಪಯಣದ ಆರಂಭದಲ್ಲಿ ಕಾಣುವುದು ಬಂದರು ಮಾತ್ರ, ಅದನ್ನು ನೋಡಿ ನಿರಾಶರಾಗಬೇಡಿ. ಸ್ವಲ್ಪ ಹೊತ್ತಿನಲ್ಲಿ ಸಿಂಪಿ ಸಾಕಣೆಯ ಸಾಲುಗಳು ಎದುರಾಗುತ್ತವೆ, ಆಮೇಲೆ ನೆತ್ತಿಯ ಮೇಲೆ ಪೈನ್ ಮರಗಳನ್ನು ಹೊತ್ತು, ಬುಡವನ್ನು ಅಲೆಗಳಿಗೆ ಸವೆಯಲು ಬಿಟ್ಟ ಬಿಳಿಚು ಬಂಡೆಗಳು ಒಂದರ ಹಿಂದೊಂದು ಬರತೊಡಗುತ್ತವೆ. ಕೊಲ್ಲಿಯಲ್ಲಿ ಇಂತಹವು ಸುಮಾರು 260 ಇವೆ. ಕುಳಿತ ದ್ವಾರಪಾಲಕನಂತೆ ತೋರುವ ನಿಯೋಜಿಮಾ ಬಂಡೆ ಹತ್ತಿರವಾದಾಗ ಎಲ್ಲರೂ ಕ್ಯಾಮೆರಾ ಹಿಡಿದು ಒಂದೇ ಬದಿಗೆ ನುಗ್ಗುತ್ತಾರೆ. ನನಗೆ ಸಿಕ್ಕಿದ್ದು ಅಪರಿಚಿತರೊಬ್ಬರ ಟೋಪಿಯ ಚಿತ್ರ.

ತಲೆಸುತ್ತಿನ ಬಗ್ಗೆ ಹೆಚ್ಚು ಚಿಂತಿಸಬೇಕಾಗಿಲ್ಲ. ದ್ವೀಪಗಳೇ ಹೊರಗಡಲಿನ ಅಲೆಗಳನ್ನು ತಡೆಯುವುದರಿಂದ ಒಳಕೊಲ್ಲಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. 2011ರ ಸುನಾಮಿಯ ರಭಸವನ್ನೂ ಅವು ತಗ್ಗಿಸಿದ್ದರಿಂದ ಮತ್ಸುಶಿಮಾ ಪಟ್ಟಣಕ್ಕೆ ನೆರೆಯ ಊರುಗಳಷ್ಟು ಹಾನಿಯಾಗಲಿಲ್ಲ. ಆದರೂ ತಾಯಿಯವರನ್ನು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನ ಕಿಟಕಿಯ ಪಕ್ಕದಲ್ಲಿ ಕೂರಿಸಿ, ದೂರದ ದ್ವೀಪವನ್ನೇ ನೋಡುತ್ತಿರಲು ಹೇಳಿ. ನನಗೆ ಹೊಟ್ಟೆ ತೊಳಸಿದ್ದು ಮೊಬೈಲಿನ ಪರದೆಯಲ್ಲಿ ಕಣ್ಣು ನೆಟ್ಟಿದ್ದಾಗ ಮಾತ್ರ.

ರೈಲಿನ ವಿಷಯದಲ್ಲಿ ಎಚ್ಚರವಿರಲಿ. ಸೆಂಡೈಯಿಂದ ಸೆನ್ಸೆಕಿ ಮಾರ್ಗದ ರೈಲನ್ನೇ ಹಿಡಿಯಬೇಕು. ಹಡಗು ಹತ್ತುವ ಧಕ್ಕೆಗಳಿಗೆ ಹತ್ತಿರವಾದವು ಹೊನ್-ಶಿಯೊಗಾಮಾ ಮತ್ತು ಮತ್ಸುಶಿಮಾ-ಕೈಗಾನ್ ನಿಲ್ದಾಣಗಳು. ಬರಿಯ ‘ಶಿಯೊಗಾಮಾ’, ‘ಮತ್ಸುಶಿಮಾ’ ಎಂಬ ನಿಲ್ದಾಣಗಳು ಬೇರೊಂದು ಮಾರ್ಗದಲ್ಲಿದ್ದು ಧಕ್ಕೆಯಿಂದ ದೂರವಾಗುತ್ತವೆ. ಹೆಸರನ್ನು ಅರ್ಧ ಓದಿ ಇಳಿದ ನಾವು ಪೆಟ್ಟಿಗೆ ಎಳೆದುಕೊಂಡು ನಡೆದೆವು.

ಎರಡನೆಯ ಉತ್ತರ: ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ವಯಸ್ಸಾದವರು ಜೊತೆಗಿದ್ದರೆ ಮತ್ಸುಶಿಮಾದಲ್ಲಿಯೇ ಹತ್ತಿ ಅಲ್ಲಿಗೇ ಮರಳುವ ಸುತ್ತು ಲೇಸು. ಅದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಮಯ ಹಿಡಿಯುತ್ತದೆ. ಗಾಳಿ ಜೋರಾಗಿದ್ದರೆ ಹಡಗಿನ ಯೋಚನೆ ಬಿಟ್ಟು, ಧಕ್ಕೆಯ ಸಮೀಪದಲ್ಲಿಯೇ ಇರುವ ಗೊದೈದೊ ಮಂದಿರವನ್ನೋ, ಸೆಂಡೈಯ ದೊರೆ ದಾತೆ ಮಸಾಮುನೆ 1609ರಲ್ಲಿ ಪುನರ್ನಿರ್ಮಾಣ ಮುಗಿಸಿದ ಜುಯಿಗಾಂಜಿ ಎಂಬ ಬೌದ್ಧ ದೇವಾಲಯವನ್ನೋ ನೋಡಬಹುದು. ನಮ್ಮ ಅತ್ತೆಯವರು ಹಡಗಿಗಿಂತ ಜುಯಿಗಾಂಜಿಯ ದಾರಿಯ ದೇವದಾರು ನೆರಳನ್ನೇ ಹೆಚ್ಚು ಮೆಚ್ಚಿಕೊಂಡರು. ನವೆಂಬರಿನಲ್ಲಿ ಮೇಲಟ್ಟದ ಗಾಳಿ ಕೊರೆಯುತ್ತದೆ, ಕಿವಿ ಮುಚ್ಚುವ ಟೋಪಿ ಇರಲಿ.

ಮೂರನೆಯ ಉತ್ತರ: ಕಡಲಹಕ್ಕಿಗಳಿಗೆ ತಿನಿಸು ಎಸೆಯುವ ಹಳೆಯ ಚಿತ್ರಗಳನ್ನು ನೋಡಿ ಆಸೆಪಡಬೇಡಿ; ಹಿಕ್ಕೆಯಿಂದ ಪೈನ್ ಮರಗಳು ಕೆಡುತ್ತಿದ್ದುದರಿಂದ ಅದನ್ನು ನಿಲ್ಲಿಸಿದ್ದಾರೆ. ಇನ್ನೊಂದು ಮಾತು: ಹಡಗಿನಿಂದ ಬಂಡೆಗಳನ್ನು ಒಂದೊಂದಾಗಿ ಕಾಣಬಹುದೇ ಹೊರತು ಕೊಲ್ಲಿಯ ಒಟ್ಟು ವಿನ್ಯಾಸ ತಿಳಿಯುವುದಿಲ್ಲ. ಅದಕ್ಕಾಗಿ ಎರಡನೆಯ ದಿನ ಮಿಯಾತೊ ದ್ವೀಪದ ಒತಕಮೊರಿ ಗುಡ್ಡವನ್ನು ನೀವಾದರೂ ಹತ್ತಿ. ಎತ್ತರ ನೂರು ಮೀಟರಿಗಿಂತ ತುಸು ಹೆಚ್ಚು ಅಷ್ಟೆ.